ಲಕ್ಕಮ್ಮನ ಅಳತೆ



ಆಯ್ದಕ್ಕಿ ಲಕ್ಕಮ್ಮ ನಮ್ಮ ಸೀಮೆಯವಳು. ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದಿಂದ 12ನೆಯ ಶತಮಾನದಲ್ಲಿ ಗಂಡ ಮಾರಯ್ಯನೊಡನೆ ಕಲ್ಯಾಣಕ್ಕೆ ಹೋದವಳು. ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯುವುದು ಮಾರಯ್ಯನ ಕಾಯಕ. ಅದನ್ನು ಬೇಯಿಸಿ ಜಂಗಮಕ್ಕೆ ಉಣಿಸುವುದು ಲಕ್ಕಮ್ಮನ ದಾಸೋಹ. ಒಂದು ದಿನ ಆತ ಎಂದಿಗಿಂತ ಹೆಚ್ಚು ಅಕ್ಕಿ ತಂದ. ಹೆಚ್ಚಾದದ್ದನ್ನು ತಂದಲ್ಲಿಯೇ ಸುರಿದು ಬಾ ಎಂದಳು ಆಕೆ.

ಆಸೆ ಬೇಡ ಎಂಬ ಪಾಠವಾಗಿ ಈ ಕಥೆ ಕೇಳುತ್ತ ಬಂದಿದ್ದೇವೆ. ನನಗೆ ಇದರಲ್ಲಿ ಇನ್ನೂ ಒಂದು ಮಾತು ಕಾಣುತ್ತದೆ. ಹೆಚ್ಚು ಅಕ್ಕಿ ಎಂದರೆ ಹೆಚ್ಚು ಜನಕ್ಕೆ ಊಟ, ಹೆಚ್ಚು ಹೊಗಳಿಕೆ. ಅದಕ್ಕೂ ಆಕೆ ಸಾಕು ಎಂದಳು. ಆಕೆಯಲ್ಲಿ ಕೊಡುವುದಕ್ಕೂ ಒಂದು ಅಳತೆ ಇತ್ತು.

ನಮ್ಮ ಮನೆಗಳಲ್ಲಿ ಆ ಅಳತೆ ತಪ್ಪಿದೆ. ನೆಲ್ಲು ಹಚ್ಚುವ ದಿನಗಳಲ್ಲಿ ನಮ್ಮ ಬಳಗಾನೂರಿನ ಯಾವ ಓಣಿಯಲ್ಲಾದರೂ ನೋಡಿರಿ. ನಸುಕಿನಲ್ಲೆದ್ದು ರೊಟ್ಟಿ ಬಡಿದು, ಹಗಲೆಲ್ಲ ಕೆಸರಿನಲ್ಲಿ ಬಗ್ಗಿ ದುಡಿದು, ಸಂಜೆ ಮತ್ತೆ ಒಲೆ ಮುಂದೆ ಕೂತ ತಾಯಿ ಎಲ್ಲರೂ ಉಂಡೆದ್ದ ಮೇಲೆ ಬುಟ್ಟಿಗೆ ಕೈ ಹಾಕುತ್ತಾಳೆ. ಉಳಿದದ್ದು ಅರ್ಧ ರೊಟ್ಟಿ. ‘ನಂದೇನೈತಿ ಬಿಡ್ರಿ, ನೀವು ಉಂಡ್ರ ನಾ ಉಂಡಂಗ’ ಅನ್ನುತ್ತಾಳೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ, ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಣ್ಣುಮಕ್ಕಳಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಜನರಿಗೆ ರಕ್ತಹೀನತೆ. ಅದಕ್ಕೆ ಕಾರಣ ಹಲವು. ಆ ಅರ್ಧ ರೊಟ್ಟಿಯೂ ಅವುಗಳಲ್ಲೊಂದು. ತಮ್ಮಂದಿರನ್ನು ಓದಿಸಲು ತಾವು ಶಾಲೆ ಬಿಟ್ಟು, ಇವತ್ತಿಗೂ ತಮಗೊಂದು ಹೊಸ ಅಂಗಿ ಕೊಳ್ಳಲು ಅಳುಕುವ ಹಿರಿಯಣ್ಣಂದಿರೂ ನಮ್ಮಲ್ಲಿದ್ದಾರೆ.

ಈ ಸ್ವಭಾವವನ್ನು ಆಳವಾಗಿ ನೋಡಿದವಳು ಮನೋವಿಶ್ಲೇಷಕಿ ಕರೆನ್ ಹಾರ್ನೈ. ಜರ್ಮನಿಯಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಆಕೆ 1945 ಮತ್ತು 1950ರ ಪುಸ್ತಕಗಳಲ್ಲಿ ತಮ್ಮನ್ನು ತಾವೇ ಅಳಿಸಿಕೊಳ್ಳುವ ಜನರ ಬಗ್ಗೆ ಬರೆದಳು. ಯಾರಿಗೂ ಇಲ್ಲ ಅನ್ನದಿದ್ದರೆ ಯಾರೂ ನನ್ನನ್ನು ನೋಯಿಸಲಾರರು ಎಂಬ ಅಂಜಿಕೆಯ ನಂಬಿಕೆ ಅವರೊಳಗಿರುತ್ತದೆ. ತನಗಾಗಿ ಏನಾದರೂ ಕೇಳುವುದೇ ತಪ್ಪೆನಿಸುತ್ತದೆ. ಆದರೂ ಬಾಯಿಬಿಟ್ಟು ಹೇಳದ ಒಂದು ನಿರೀಕ್ಷೆ ಉಳಿದೇ ಇರುತ್ತದೆ. ಅದು ಈಡೇರದಾಗ ಹುಟ್ಟಿದ ಸಿಟ್ಟು ಹೊರಗೆ ಬಾರದೆ ಒಳಗೇ ಸುಡುತ್ತದೆ. ಎಲ್ಲರಿಗೂ ಬೇಕಾಗಿ ಬಾಳಿದ ಅಜ್ಜಿ ಮುಪ್ಪಿನಲ್ಲಿ ಯಾಕಿಷ್ಟು ನೊಂದು ಮಾತಾಡುತ್ತಾಳೆ ಎಂದು ಬೇಸರಪಡುವ ಮೊದಲು ಇದನ್ನು ನೆನೆಯಿರಿ.

ಹಾಗೆಂದು ಆಕೆಯದೇ ರೋಗ ಅನ್ನಬೇಡಿರಿ. 1987ರಲ್ಲಿ ಅಮೆರಿಕದ ಮನೋವೈದ್ಯರ ಸಂಘ ತನ್ನ ಕೈಪಿಡಿಯ ಅನುಬಂಧದಲ್ಲಿ ಇಂಥ ಸ್ವಭಾವಕ್ಕೆ ಕಾಯಿಲೆಯ ಹೆಸರು ಕೊಟ್ಟಿತು. ಮನೆಯಲ್ಲಿ ಹೊಡೆತ ತಿಂದು ಸಹಿಸಿಕೊಂಡವಳಿಗೇ ರೋಗಿ ಎಂಬ ಪಟ್ಟ ಕಟ್ಟಿದರೆ ಹೊಡೆದವನನ್ನು ಕೇಳುವವರಾರು ಎಂದು ಅಲ್ಲಿನ ಮಹಿಳೆಯರು ಎದ್ದು ನಿಂತರು. 1994ರ ಆವೃತ್ತಿಯಲ್ಲಿ ಅದು ಬಿಟ್ಟುಹೋಯಿತು. ಅವರು ಕೇಳಿದ್ದು ಸರಿ. ತಾಯಿ ಅರ್ಧ ರೊಟ್ಟಿ ಉಂಡಳೆಂದರೆ, ಬುಟ್ಟಿ ಖಾಲಿಯಾಗುವವರೆಗೂ ತಿರುಗಿ ನೋಡದೆ ಉಂಡವರಿಗೂ ಅದರಲ್ಲಿ ಪಾಲಿದೆ.

ನಮ್ಮ ಅಷ್ಟಾವರಣದಲ್ಲಿ ಪ್ರಸಾದವೂ ಒಂದು. ಲಿಂಗಕ್ಕೆ ಅರ್ಪಿಸಿದ್ದು ಪ್ರಸಾದವಾಗಿ ಅರ್ಪಿಸಿದವರ ಕೈಗೇ ಬರುತ್ತದೆ, ಅದನ್ನು ಸ್ವೀಕರಿಸಬೇಕು. ಕೊಡಲಷ್ಟೇ ಬಲ್ಲೆ, ಪಡೆಯಲಾರೆ ಅನ್ನುವುದು ಭಕ್ತಿಯಲ್ಲ. ತಾಯಿ, ನಿನ್ನ ಎದೆಯ ಮೇಲೂ ಇಷ್ಟಲಿಂಗವಿದೆ. ನಿನ್ನ ಹಸಿವನ್ನು ತಳ್ಳಿಹಾಕಿದರೆ ಆ ಲಿಂಗಕ್ಕೆ ಸಲ್ಲುವ ಅರ್ಪಣೆಯೇ ನಿಂತಂತೆ.

ಬರುವ ಶ್ರಾವಣ ಸೋಮವಾರದ ದಾಸೋಹದಲ್ಲಿ ರೊಟ್ಟಿ ಬಡಿದ ತಾಯಂದಿರು ಮೊದಲ ಪಂಕ್ತಿಗೆ ಕೂಡಬೇಕು. ಗಂಡುಮಕ್ಕಳು ಬಡಿಸಲಿ. ಬೇಕೇನವ್ವಾ ಎಂದು ಎರಡನೆಯ ಸಲವೂ ಕೇಳಲಿ. ಆಗ ‘ಸಾಕ್ರಿ’ ಅನ್ನುವ ಅವಸರ ಬೇಡ, ಬೇಕಿದ್ದರೆ ‘ಬೇಕು’ ಅನ್ನಿರಿ.