ಮೊಳಕೆಗೆ ಬಗ್ಗಿ ನೋಡಿದವರು

ಲಾಸ್ ವೇಗಸ್‌ನಲ್ಲಿ ಬೇಸಿಗೆ ರಜೆಯ ಒಂದು ಬ್ಯಾಸ್ಕೆಟ್‌ಬಾಲ್ ಪಂದ್ಯ. ಹೈಸ್ಕೂಲ್ ಹುಡುಗರ ಆಟ ನೋಡಿ ಆರಿಸಿಕೊಳ್ಳಲೆಂದು ಅಮೆರಿಕದ ಕಾಲೇಜುಗಳ ಕೋಚ್‌ಗಳು ಊರೂರು ಸುತ್ತುವ ಕಾಲ ಅದು. ನಾರ್ತ್ ಕ್ಯಾರೊಲಿನಾದ ಷಾರ್ಲಟ್ ನಗರದಿಂದ ಬಂದಿದ್ದ ಸಣಕಲು ಹುಡುಗನೊಬ್ಬ ಅಂದು ಮುಟ್ಟಿದ್ದೆಲ್ಲ ಎಡವಟ್ಟು. ಚೆಂಡನ್ನು ಜನರ ಮಧ್ಯೆ ಎಸೆದ. ಪುಟಿಸುವಾಗ ತನ್ನ ಕಾಲಿಗೇ ಬಡಿಸಿಕೊಂಡ. ಗುರಿಯಿಟ್ಟು ಹಾಕಿದ್ದು ಬುಟ್ಟಿಗೆ ಬೀಳಲಿಲ್ಲ. ಅವನನ್ನು ನೋಡಲು ಬಂದಿದ್ದ ಡೇವಿಡ್‌ಸನ್ ಕಾಲೇಜಿನ ಕೋಚ್ ಬಾಬ್ ಮಕಿಲಪ್ ಮಾತ್ರ ಕಣ್ಣು ತೆಗೆಯಲಿಲ್ಲ. ತಪ್ಪಾದ ಮೇಲೆ ಹುಡುಗ ಏನು ಮಾಡುತ್ತಾನೆ ಎಂದು ಅವರು ನೋಡುತ್ತಿದ್ದರು. ಹುಡುಗ ರೆಫರಿಯತ್ತ ಮುಖ ಗಂಟಿಕ್ಕಲಿಲ್ಲ, ಜೊತೆಯವರತ್ತ ಬೆರಳು ತೋರಿಸಲಿಲ್ಲ. ಬೆಂಚಿನ ಮೇಲೆ ಕೂತಾಗ ತಂಡಕ್ಕೆ ಚಪ್ಪಾಳೆ ತಟ್ಟುತ್ತಿದ್ದ. ತನ್ನ ತಂಡದ ಕೋಚ್ ಮಾತಾಡುವಾಗ ಅವರ ಕಣ್ಣನ್ನೇ ನೋಡಿ ಕೇಳಿಸಿಕೊಳ್ಳುತ್ತಿದ್ದ. ಇವನು ನಮಗೆ ಬೇಕು ಎಂದು ಮಕಿಲಪ್ ನಿರ್ಧರಿಸಿದ್ದು ಆ ಕೆಟ್ಟ ಆಟವನ್ನು ನೋಡಿಯೇ.

ಆ ಹುಡುಗ ಸ್ಟೀಫನ್ ಕರಿ, ಮುಂದೆ ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್ ಆದ ಎನ್‌ಬಿಎಯ ದೊಡ್ಡ ತಾರೆ. ಅವನ ತಂದೆ ಡೆಲ್ ಕರಿ ಎನ್‌ಬಿಎಯಲ್ಲಿ 16 ಋತುಗಳು ಆಡಿದವರು. ಆದರೂ ತಂದೆ ತಾಯಿ ಇಬ್ಬರೂ ಓದಿ ಆಡಿದ್ದ ವರ್ಜೀನಿಯಾ ಟೆಕ್ ಮಗನಿಗೆ ಸ್ಕಾಲರ್‌ಶಿಪ್ ಕೊಡಲಿಲ್ಲ. ಬೇಕಾದರೆ ಸ್ವಂತ ಖರ್ಚಿನಲ್ಲಿ ಬಂದು ತಂಡ ಸೇರಬಹುದು ಎಂದಿತು. ತೀರಾ ತೆಳ್ಳಗಿದ್ದಾನೆ, ಎತ್ತರವೂ ಸಾಲದು ಎಂಬುದು ದೊಡ್ಡ ಕಾಲೇಜುಗಳ ಲೆಕ್ಕಾಚಾರ. ಮನೆಯಲ್ಲೇ ಎನ್‌ಬಿಎ ಆಟಗಾರನಿದ್ದ ಹುಡುಗನ ಪಾಡೇ ಹೀಗಾದರೆ ಹೆಸರಿಲ್ಲದ ಮನೆಯ ಮಕ್ಕಳ ಗತಿ ಏನು ಎಂದು ನನಗೆ ಸಂಕಟವಾಗುತ್ತದೆ.

ಬೆಳೆಯುವ ಸಿರಿ ಮೊಳಕೆಯಲ್ಲಿ ನೋಡು ಎಂಬ ಮಾತನ್ನು ಕೇಳಿಕೊಂಡೇ ನಾವು ಬೆಳೆದವರು. ಅರ್ಕಾನ್ಸಾದ ಹ್ಯಾಂಬರ್ಗ್ ಎಂಬ ಪುಟ್ಟ ಊರಿನ ಸ್ಕಾಟಿ ಪಿಪ್ಪೆನ್ ಕಥೆ ಓದಿದಾಗ ಆ ಗಾದೆಯನ್ನು ಇನ್ನೊಮ್ಮೆ ಯೋಚಿಸಬೇಕು ಅನಿಸಿತು. ಹನ್ನೆರಡು ಮಕ್ಕಳಲ್ಲಿ ಕೊನೆಯವನು. ಕಾಗದದ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ತಂದೆ ಪಾರ್ಶ್ವವಾಯು ಬಡಿದು ಮಲಗಿದ್ದರು. ಹೈಸ್ಕೂಲ್ ಮುಗಿದಾಗ ಅವನ ಎತ್ತರ ಆರಡಿಗಿಂತ ಒಂದಂಗುಲ ಹೆಚ್ಚು, ಅಷ್ಟೆ. ಯಾವ ಕಾಲೇಜೂ ಕರೆಯಲಿಲ್ಲ. ಶಾಲೆಯ ಕೋಚ್ ಡೊನಾಲ್ಡ್ ವೇನ್ ತಮಗೆ ಗೊತ್ತಿದ್ದ ಸೆಂಟ್ರಲ್ ಅರ್ಕಾನ್ಸಾ ವಿಶ್ವವಿದ್ಯಾಲಯದ ಕೋಚ್ ಡಾನ್ ಡೈಯರ್ ಅವರಲ್ಲಿ ಇವನಿಗಾಗಿ ಕೇಳಿಕೊಂಡರು. ಮೊದಲು ತಂಡದ ಸಾಮಾನು ಸರಂಜಾಮು ನೋಡಿಕೊಳ್ಳುವ ಕೆಲಸ ಸಿಕ್ಕಿತು, ಆಮೇಲೆ ಆಡಲು ಜಾಗ. ಅಲ್ಲಿದ್ದ ವರ್ಷಗಳಲ್ಲಿ ಹುಡುಗ ಆರಡಿ ಎಂಟಂಗುಲಕ್ಕೆ ಬೆಳೆದುಬಿಟ್ಟ! 1987ರ ಎನ್‌ಬಿಎ ಆಯ್ಕೆಯಲ್ಲಿ ಅವನದು ಐದನೆಯ ಹೆಸರು. ಮುಂದೆ ಮೈಕೆಲ್ ಜೋರ್ಡನ್ ಜೊತೆ ಷಿಕಾಗೊ ಬುಲ್ಸ್ ತಂಡಕ್ಕೆ ಆರು ಬಾರಿ ಕಿರೀಟ. ಹದಿನೇಳರ ವಯಸ್ಸಿನಲ್ಲಿ ಆ ಎತ್ತರ ಅವನೊಳಗೇ ಮಲಗಿತ್ತು. ಯಾವ ಅಳತೆಪಟ್ಟಿಗೆ ಅದು ಸಿಕ್ಕೀತು?

ಕೆನಡಾದ ವಿಕ್ಟೋರಿಯಾದಲ್ಲಿ ಬೆಳೆದ ಸ್ಟೀವ್ ನ್ಯಾಶ್‌ಗಾಗಿ ಅವನ ಶಾಲೆಯ ಕೋಚ್ ಇಯಾನ್ ಹೈಡ್-ಲೇ ಮೂವತ್ತಕ್ಕೂ ಹೆಚ್ಚು ಅಮೆರಿಕನ್ ಕಾಲೇಜುಗಳಿಗೆ ಪತ್ರ ಬರೆದರು, ಆಟದ ವಿಡಿಯೊ ಕಳಿಸಿದರು. ಕೊನೆಗೆ ಸ್ಕಾಲರ್‌ಶಿಪ್ ಕೊಡಲು ಮುಂದಾದದ್ದು ಒಂದೇ ಒಂದು ಕಾಲೇಜು. ಇಂದು ನಮ್ಮ ಎಷ್ಟೋ ಕನ್ನಡ ಕುಟುಂಬಗಳು ನೆಲೆಸಿರುವ ಸಿಲಿಕಾನ್ ಕಣಿವೆಯ ಸಾಂತಾ ಕ್ಲಾರಾ ಅದು. ಅದರ ಕೋಚ್ ಡಿಕ್ ಡೇವಿ ಹುಡುಗನನ್ನು ನೋಡಲು ಕೆನಡಾಕ್ಕೇ ಹೋದರು. ಇವನು ಬೇರೆ ಯಾರ ಕಣ್ಣಿಗೂ ಬೀಳದಿರಲಿ ಎಂಬ ಆತಂಕ ಆಗ ಅವರಿಗೆ. 2005 ಮತ್ತು 2006ರಲ್ಲಿ ಎನ್‌ಬಿಎಯ ಅತ್ಯಮೂಲ್ಯ ಆಟಗಾರ ಪ್ರಶಸ್ತಿ ಪಡೆದದ್ದು ಇದೇ ನ್ಯಾಶ್.

ನಿಜವಾದ ಪ್ರತಿಭೆ ಹೇಗಿದ್ದರೂ ಬೆಳಕಿಗೆ ಬಂದೇ ಬರುತ್ತದೆ ಎನ್ನಲು ಈ ಕಥೆಗಳನ್ನು ಹೇಳುವವರಿದ್ದಾರೆ. ನಾನು ಒಪ್ಪಲಾರೆ. ಒಂದೊಂದು ಕಥೆಯಲ್ಲೂ ಮೈಮುರಿದು ಓಡಾಡಿದ ಹಿರಿಯರೊಬ್ಬರಿದ್ದಾರೆ. ಪತ್ರ ಬರೆದವರು, ಗೆಳೆಯನ ಬಾಗಿಲು ತಟ್ಟಿದವರು, ಕೆಟ್ಟ ಆಟದ ಕೊನೆಯವರೆಗೆ ಕೂತವರು. ಅಂಥವರು ಸಿಗದ ಮಕ್ಕಳ ಕಥೆ ನಮ್ಮ ತನಕ ಬಂದೇ ಇಲ್ಲ. ಗಾದೆಯಲ್ಲಿ ನೋಡು ಎಂಬ ಮಾತೂ ಇದೆಯಲ್ಲ, ಆ ಕೆಲಸವನ್ನೇ ನಾವು ಮರೆತಿರುತ್ತೇವೆ.

ಅಮೆರಿಕದ ಹೈಸ್ಕೂಲ್‌ಗಳಲ್ಲಿ ಐದು ಲಕ್ಷಕ್ಕೂ ಹೆಚ್ಚು ಹುಡುಗರು ಈ ಆಟ ಆಡುತ್ತಾರೆ. ಮೇಲಿನ ದರ್ಜೆಯ ಕಾಲೇಜು ತಂಡಗಳು ಮುನ್ನೂರೈವತ್ತರ ಮೇಲೆ ಸ್ವಲ್ಪ. ಆರಿಸುವವರ ಕಣ್ಣು ಹೆಚ್ಚಾಗಿ ಹೋಗುವುದು ಶೂ ಕಂಪನಿಗಳು ನಡೆಸುವ ಬೇಸಿಗೆಯ ಟೂರ್ನಿಗಳತ್ತ. ಅಲ್ಲಿಗೆ ಹೋಗಿಬರುವ ಖರ್ಚು ಭರಿಸಲಾರದ, ದೂರದ ಹಳ್ಳಿಗಾಡಿನ ಹುಡುಗ ಪಟ್ಟಿಗೇ ಬರುವುದಿಲ್ಲ. 2021ರಿಂದ ಇನ್ನೊಂದು ಬದಲಾವಣೆ. ಒಂದು ಕಾಲೇಜು ಬಿಟ್ಟು ಇನ್ನೊಂದನ್ನು ಸೇರುವ ಆಟಗಾರ ಒಂದು ವರ್ಷ ಸುಮ್ಮನೆ ಕೂರಬೇಕೆಂಬ ನಿಯಮ ಸಡಿಲವಾಯಿತು. ಹೀಗೆ ಬದಲಿಸುವ ಹಕ್ಕು ಆಟಗಾರರಿಗೆ ಸಿಕ್ಕಿದ್ದು ನ್ಯಾಯವೇ. ಆದರೆ ಪಳಗಿದ ಇಪ್ಪತ್ತೆರಡರ ಯುವಕ ಕೈಗೆ ಸಿಗುವಾಗ ಹದಿನೇಳರ ಹುಡುಗನಿಗಾಗಿ ಮೂರು ವರ್ಷ ಕಾಯುವ ಕೋಚ್‌ಗಳು ಕಡಿಮೆಯಾಗುತ್ತಿದ್ದಾರೆ. ಗೆಲ್ಲದಿದ್ದರೆ ಅವರ ಕೆಲಸವೇ ಹೋಗುತ್ತದೆ, ಅವರನ್ನು ದೂರಲು ನನಗೆ ಮನಸ್ಸಿಲ್ಲ. ಕಾಯುವವರಿಲ್ಲದೆ ಹೋದರೆ ಇನ್ನೊಬ್ಬ ಪಿಪ್ಪೆನ್ ಬೆಳೆಯುವುದೆಲ್ಲಿ ಎಂಬುದೇ ನನ್ನ ನೋವು.

2006ರ ನವೆಂಬರಿನಲ್ಲಿ ಡೇವಿಡ್‌ಸನ್ ಪರವಾಗಿ ಕರಿ ಆಡಿದ ಮೊದಲ ಪಂದ್ಯ ಈಸ್ಟರ್ನ್ ಮಿಷಿಗನ್ ವಿರುದ್ಧ. ಅಂದು ಹುಡುಗ ಹದಿಮೂರು ಸಲ ಚೆಂಡನ್ನು ಎದುರಾಳಿಗೆ ಬಿಟ್ಟುಕೊಟ್ಟ. ಬೆಂಚಿಗೆ ಕಳಿಸಲು ಅಷ್ಟು ಕಾರಣ ಸಾಕಿತ್ತು. ಮಕಿಲಪ್ ಮುಂದಿನ ಪಂದ್ಯಕ್ಕೂ ಅವನನ್ನೇ ಮೊದಲ ಐವರಲ್ಲಿ ಇಳಿಸಿದರು. ಎದುರಿಗಿದ್ದದ್ದು ಮಿಷಿಗನ್‌ನಂಥ ದೊಡ್ಡ ವಿಶ್ವವಿದ್ಯಾಲಯ. ಹುಡುಗ 32 ಅಂಕ ಹಾಕಿದ.