ಹಿಂದಿನ ದೀಪ ಯಾರಿಗಾಗಿ?

☸️ *ಇಂದಿನ ಧಮ್ಮ ಚಿಂತನೆ* ☸️





ಇವತ್ತು ನನ್ನ ಹಳೇ ಜೀಪಿನ ಕಥೆ ಹೇಳುತ್ತೇನೆ. ಧಮ್ಮ ಚಿಂತನೆಯಲ್ಲಿ ಜೀಪು ಯಾಕೆ ಎಂದು ಕೇಳಬೇಡಿ. ಈ ಪಾಠ ನನಗೆ ಕಲಿಸಿದ್ದೇ ಅದು.

ಚಾರ್ಮಾಡಿ ಘಾಟಿ ಹತ್ತಿ ಬಂದವರು ನೀರುದೋಸೆ ತಿನ್ನಲು ನಿಲ್ಲುವ ಊರು ಕೊಟ್ಟಿಗೆಹಾರ. ಮೂಡಿಗೆರೆಗೆ, ಕಳಸಕ್ಕೆ, ಮಂಗಳೂರಿಗೆ ಇಲ್ಲಿಂದ ದಾರಿ ಒಡೆಯುತ್ತದೆ. ಮಳೆಗಾಲದಲ್ಲಿ ಮಂಜು ಇಳಿದರೆ ಮಧ್ಯಾಹ್ನ ಮೂರು ಗಂಟೆಗೇ ದೀಪ ಹಾಕಬೇಕು. ಹತ್ತು ಮಾರು ದೂರ ನಿಂತವರ ಮುಖ ಕಾಣುವುದಿಲ್ಲ.

ನನ್ನದು 1978ರ ಮಹೀಂದ್ರಾ ಜೀಪು. ನನ್ನ ಅಪ್ಪ ಕಾಫಿ ತೋಟದ ಲೈನ್ ಮನೆಯಲ್ಲಿ ಬದುಕಿದವರು. ಸಾಹುಕಾರರ ಜೀಪು ಬಂದರೆ ದಾರಿ ಬಿಟ್ಟು ಚರಂಡಿಗೆ ಇಳಿದು ನಿಂತವರು. ಅಂಥವರ ಮಗ ನಾನು, ಅಂಥದೇ ಜೀಪು ಕೊಂಡೆ. ಹೆಮ್ಮೆ ಇರಲಿಲ್ಲ ಅಂದರೆ ಸುಳ್ಳಾಗುತ್ತದೆ. ಮುಂದಕ್ಕೆ ಜೋರು ಹೆಡ್‌ಲೈಟ್ ಹಾಕಿಸಿದೆ, ಮಂಜಿಗೆಂದು ಹಳದಿ ದೀಪ ಹಾಕಿಸಿದೆ, ಹೊಸ ಬಣ್ಣ ಹೊಡೆಸಿದೆ. ಹಿಂದಿನ ದೀಪದ ಕಡೆ ಮಾತ್ರ ನೋಡಲೇ ಇಲ್ಲ. ಹೇಗೂ ಅದು ನನಗೆ ಕಾಣುವುದಲ್ಲವಲ್ಲ!

ಎರಡು ವರ್ಷದ ಹಿಂದೆ ಆಷಾಢದ ಒಂದು ಸಂಜೆ, ರಸ್ತೆಗೆ ಕೊಂಬೆ ಬಿದ್ದಿತ್ತು ಎಂದು ಬ್ರೇಕ್ ಹಿಡಿದೆ. ಹಿಂದಿನಿಂದ ಧಡ್ ಎಂದು ಸದ್ದು. ಬೈಕಿನ ಹುಡುಗ ಜೀಪಿಗೆ ಗುದ್ದಿ ಬಿದ್ದಿದ್ದ. ಇಳಿದವನೇ ಬೈಯಲು ಶುರು ಮಾಡಿದೆ, "ನೋಡ್ಕಂಡ್ ಬರಕ್ಕಾಗಲ್ವೇನೋ?" ಅವನು ಕೈ ಹಿಡಿದುಕೊಂಡು ನರಳುತ್ತಾ ಅಂದ, "ಅಣ್ಣಾ, ನೀವು ಬ್ರೇಕ್ ಹಿಡಿದಿದ್ದು ಕಾಣ್ಲೇ ಇಲ್ಲ."

ಇಪ್ಪತ್ತು ಹೆಜ್ಜೆ ಹಿಂದೆ ನಡೆದು ತಿರುಗಿ ನೋಡಿದೆ. ದೀಪ ಉರಿಯುತ್ತಿತ್ತು, ಆದರೆ ಜೀಪು ಕಾಣುತ್ತಿರಲಿಲ್ಲ. ಬರೀ ಮಂಜು.

ಹುಡುಗ ನಮ್ಮವನೇ, ಲೈನ್ ಮನೆಯವನು. ಮೂಡಿಗೆರೆಗೆ ಕರೆದುಕೊಂಡು ಹೋದೆ. ಮಣಿಕಟ್ಟಿನ ಮೂಳೆ ಮುರಿದಿತ್ತು. ಒಂದೂವರೆ ತಿಂಗಳು ಅವನಿಗೆ ಕೂಲಿ ಇಲ್ಲ.

ಮರುದಿನ ಟೀ ಅಂಗಡಿಯಲ್ಲಿ ಒಬ್ಬರು ಅಂದರು, "ನೀವು ಬುದ್ಧ ಅಂತ ಹೋದವರು. ಆಯುಧಪೂಜೆಗೆ ಕುಂಬಳಕಾಯಿ ಒಡೆಯಲ್ಲ, ಗಾಡಿಗೆ ನಿಂಬೆಹಣ್ಣು ಕಟ್ಟಲ್ಲ. ಅದಕ್ಕೇ ಹೀಗಾಗಿದ್ದು."

ಬಂಧುಗಳೇ, ಬೇರೆ ದಿನವಾಗಿದ್ದರೆ ತಕ್ಷಣ ಉತ್ತರ ಕೊಡುತ್ತಿದ್ದೆ. ಒಡೆದ ಕುಂಬಳಕಾಯಿಯ ಮೇಲೆ ಜಾರಿ ಬೈಕಿನವರು ಬೀಳುವುದನ್ನು ನೋಡಿಲ್ಲವೇ ಎಂದು ಕೇಳುತ್ತಿದ್ದೆ. ಅವತ್ತು ಬಾಯಿ ಬರಲಿಲ್ಲ. ಯಾಕೆಂದರೆ ಪೂಜೆಯನ್ನು ಬಿಟ್ಟಿದ್ದೆ ನಿಜ, *ಪೂಜೆ ಖಾಲಿ ಮಾಡಿದ ಜಾಗಕ್ಕೆ ಎಚ್ಚರ ಬರಬೇಕಿತ್ತು. ಅದು ಬಂದಿರಲಿಲ್ಲ.* ಭಗವಾನರು ಅಪ್ಪಮಾದ ಎಂದದ್ದು ಈ ಎಚ್ಚರವನ್ನೇ. ನಿಂಬೆಹಣ್ಣನ್ನೂ ಕಟ್ಟದೆ, ಬಲ್ಬನ್ನೂ ನೋಡದೆ ಓಡಾಡುವವನು ಬೌದ್ಧನಲ್ಲ, ಬರೀ ಸೋಮಾರಿ.

ಜೀಪನ್ನು ಬಣಕಲ್ಲಿನ ಮೆಕ್ಯಾನಿಕ್ ಕಾಕನ ಹತ್ತಿರ ಒಯ್ದೆ. ಅವರು ಮೊದಲು ಹೊಸ ಬಲ್ಬು ಹಾಕಲಿಲ್ಲ, ಕಾರಣ ಹುಡುಕಿದರು. ಹೋಲ್ಡರ್ ತುಕ್ಕು ಹಿಡಿದಿತ್ತು, ಅರ್ತಿಂಗ್ ಸಡಿಲವಾಗಿತ್ತು, ಒಳಗಿನ ಹೊಳಪು ಮಾಸಿತ್ತು, ಕೆಂಪು ಗಾಜಿಗೆ ವರ್ಷಗಳ ಕೆಸರು. ದುಃಖವಿದೆ, ಅದಕ್ಕೆ ಕಾರಣವಿದೆ, ಕಾರಣ ತೆಗೆದರೆ ದುಃಖ ಹೋಗುತ್ತದೆ, ತೆಗೆಯಲು ದಾರಿಯಿದೆ. ಕಾಕ ಸ್ಕ್ರೂಡ್ರೈವರ್ ಹಿಡಿದು ಮಾಡಿದ್ದು ಇದನ್ನೇ. ಹಣೆಬರಹದ ಮಾತು ಅಲ್ಲಿ ಬರಲೇ ಇಲ್ಲ.

ಹಳೆಯ ಬಲ್ಬಿನಲ್ಲಿ ಎರಡು ತಂತಿ. ಸುಮ್ಮನೆ ಉರಿಯಲು 5 ವ್ಯಾಟ್, ಬ್ರೇಕಿಗೆ 21 ವ್ಯಾಟ್. ತಂತಿ ಕಾದು ಪೂರ್ತಿ ಬೆಳಗಲು ಸೆಕೆಂಡಿನ ಐದನೇ ಒಂದು ಭಾಗದಷ್ಟು ಹೊತ್ತು ಬೇಕು. ಎಲ್‌ಇಡಿ ಕಣ್ಣು ಮಿಟುಕಿಸುವಷ್ಟರಲ್ಲಿ ಬೆಳಗುತ್ತದೆ. ಗಂಟೆಗೆ 40 ಕಿ.ಮೀ. ವೇಗದಲ್ಲಿ ಬರುವವನಿಗೆ ಅಷ್ಟರಿಂದ ಎರಡು ಮೀಟರಿಗೂ ಹೆಚ್ಚು ಜಾಗ ಉಳಿಯುತ್ತದೆ. ಒಂದು ಮಣಿಕಟ್ಟು ಉಳಿಯಲು ಅಷ್ಟು ಸಾಕು. ಕೆಂಪು ಗಾಜಿನ ಹಿಂದೆ ಕೆಂಪು ಎಲ್‌ಇಡಿಯನ್ನೇ ಹಾಕಬೇಕು, ಬಿಳಿಯದನ್ನು ಹಾಕಿದರೆ ಬೆಳಕಿನ ಬಹುಪಾಲು ಗಾಜಿನಲ್ಲೇ ಸೋರಿಹೋಗುತ್ತದೆ ಎಂದು ಕಾಕ ಹೇಳಿದರು. ಇಂಡಿಕೇಟರ್ ಓಡೋಡಿ ಮಿಣುಕಬಾರದೆಂದು ಅದರ ಫ್ಲಾಷರನ್ನೂ ಬದಲಿಸಿದರು.

ನನ್ನ ಮನಸ್ಸು ಅಷ್ಟಕ್ಕೇ ನಿಲ್ಲಲಿಲ್ಲ. ಪಕಪಕ ಮಿಂಚುವ ಇನ್ನೊಂದು ದೊಡ್ಡ ದೀಪ ತಂದು ಸಿಕ್ಕಿಸಿದೆ. ನಾಲ್ಕೇ ದಿನ. ಹಿಂದೆ ಬಂದ ಲಾರಿಯವರು ಘಾಟಿಯಲ್ಲಿ ನಿಲ್ಲಿಸಿ, "ಏನ್ ಮಾರಾಯಾ, ನಿನ್ ದೀಪಕ್ಕೆ ಮುಂದಿನ ರಸ್ತೆನೇ ಕಾಣಲ್ಲ" ಎಂದರು. ತೆಗೆದುಹಾಕಿದೆ. ವೀಣೆಯ ತಂತಿ ಬಿಗಿಯೂ ಆಗಬಾರದು, ಸಡಿಲವೂ ಆಗಬಾರದು ಎಂದು ಭಗವಾನರು ಸೋಣನಿಗೆ ಹೇಳಿದ್ದು ನೆನಪಾಯಿತು. ದೀಪಕ್ಕೂ ಮಧ್ಯಮ ಮಾರ್ಗವಿದೆ. ದಾರಿ ತೋರಿಸುವುದು ಬೇರೆ, ಕಣ್ಣು ಕುಕ್ಕುವುದು ಬೇರೆ.

ಸಂಯುತ್ತ ನಿಕಾಯದಲ್ಲಿ ಭಗವಾನರು ಹೇಳಿದ ದೊಂಬರಾಟದವರ ಕಥೆಯೊಂದಿದೆ. ಗುರು ಬಿದಿರಿನ ಗಳ ನಿಲ್ಲಿಸಿ, ಮೇದಕಥಾಲಿಕಾ ಎಂಬ ಶಿಷ್ಯನನ್ನು ಹತ್ತಿಸಿಕೊಂಡು, "ನೀನು ನನ್ನನ್ನು ಕಾಪಾಡು, ನಾನು ನಿನ್ನನ್ನು ಕಾಪಾಡುತ್ತೇನೆ" ಎನ್ನುತ್ತಾನೆ. ಶಿಷ್ಯ, "ಹಾಗಲ್ಲ ಗುರುಗಳೇ, ನಿಮ್ಮನ್ನು ನೀವು ನೋಡಿಕೊಳ್ಳಿ, ನನ್ನನ್ನು ನಾನು ನೋಡಿಕೊಳ್ಳುತ್ತೇನೆ. ಆಗ ಇಬ್ಬರೂ ಕ್ಷೇಮವಾಗಿ ಇಳಿಯುತ್ತೇವೆ" ಎನ್ನುತ್ತಾನೆ. ಶಿಷ್ಯನ ಮಾತು ಸರಿ ಎಂದ ಭಗವಾನರು ಅಲ್ಲಿಗೇ ಬಿಡಲಿಲ್ಲ. ತನ್ನನ್ನು ಕಾಪಾಡಿಕೊಳ್ಳುವವನು ಇತರರನ್ನೂ ಕಾಪಾಡುತ್ತಾನೆ, ಸಹನೆ ಮೈತ್ರಿಗಳಿಂದ ಇತರರನ್ನು ಕಾಪಾಡುವವನು ತನ್ನನ್ನೂ ಕಾಪಾಡಿಕೊಳ್ಳುತ್ತಾನೆ ಎಂದು ತಿಳಿಸಿದರು. ಹೆಡ್‌ಲೈಟ್ ನನ್ನ ದಾರಿಗೆ, ಹಿಂದಿನ ದೀಪ ಇನ್ನೊಬ್ಬನ ದಾರಿಗೆ. ಆದರೂ ಅವನು ಗುದ್ದದಿದ್ದರೆ ಉಳಿಯುವವನು ನಾನೂ ಹೌದು.

ಈಗ ನಮ್ಮ ವಿಷಯಕ್ಕೆ ಬರೋಣ. 1956ರ ಅಕ್ಟೋಬರ್ 14ರಂದು, ಅಶೋಕ ವಿಜಯದಶಮಿಯ ದಿನ, ನಾಗಪುರದಲ್ಲಿ ಬಾಬಾಸಾಹೇಬರು ಧಮ್ಮ ದೀಕ್ಷೆ ಪಡೆದರು. ತಾವೊಬ್ಬರೇ ಪಡೆದು ಮನೆಗೆ ಹೋಗಲಿಲ್ಲ. ಹಿಂದೆ ಬಂದ ಲಕ್ಷಾಂತರ ಜನರ ಕಡೆ ತಿರುಗಿ ದೀಕ್ಷೆ ಕೊಟ್ಟರು, 22 ಪ್ರತಿಜ್ಞೆಗಳನ್ನು ಹೇಳಿಸಿದರು. ಎಲ್ಲ ಜೀವಿಗಳಿಗೂ ದಯೆ ತೋರಿ ಕಾಪಾಡುತ್ತೇನೆ ಎಂಬುದು ಅವುಗಳಲ್ಲೊಂದು. ಮುಂದೆ ಹೋದವರ ಹಿಂದಿನ ದೀಪ ಹಾಗಿತ್ತು. ಅದನ್ನು ನೋಡಿಕೊಂಡೇ ನಾವು ಇಲ್ಲಿವರೆಗೆ ಬಂದೆವು.

ನಮ್ಮಲ್ಲಿ ಕೆಲವರಿಗೆ ನೌಕರಿ ಸಿಕ್ಕಿತು, ಚಿಕ್ಕಮಗಳೂರಲ್ಲೋ ಬೆಂಗಳೂರಲ್ಲೋ ಮನೆಯಾಯಿತು. ನಮ್ಮ ಹೆಡ್‌ಲೈಟ್ ಜೋರಾಗಿದೆ. ಲೈನ್ ಮನೆಯಿಂದ ಈಗಷ್ಟೇ ಹೊರಟ ಮಗುವಿಗೆ ನಾವು ಕಾಣುತ್ತೇವೆಯೇ? ಯಾವ ಅರ್ಜಿ, ಯಾವ ಹಾಸ್ಟೆಲ್, ಯಾವ ಪರೀಕ್ಷೆ, ಎಲ್ಲಿ ತಿರುವು, ಎಲ್ಲಿ ಕುಸಿತ ಎಂದು ನಮ್ಮನ್ನು ನೋಡಿ ಅದಕ್ಕೆ ತಿಳಿಯುತ್ತದೆಯೇ? ಅದು ಎಡವಿದಾಗ "ನೋಡ್ಕಂಡ್ ಬರಕ್ಕಾಗಲ್ವಾ" ಎನ್ನುವ ಮೊದಲು ಇಪ್ಪತ್ತು ಹೆಜ್ಜೆ ಹಿಂದೆ ಹೋಗಿ ನಮ್ಮ ದೀಪ ನೋಡಿಕೊಳ್ಳೋಣ.

ಆ ಹುಡುಗನ ಕೈ ಸರಿಯಾಗಿದೆ. ಈಗ ಅವನೇ ತಿಂಗಳಿಗೊಮ್ಮೆ ಜೀಪಿನ ಹಿಂದೆ ನಿಂತು, "ಬ್ರೇಕ್ ಒತ್ತಿ ಅಣ್ಣಾ... ಹಾಂ, ಕಾಣ್ತು" ಎನ್ನುತ್ತಾನೆ. ನನ್ನ ದೀಪ ನನಗೆ ಕಾಣದು. ಅದಕ್ಕೇ ಅಲ್ಲವೇ ಸಂಘ ಬೇಕಾಗಿರುವುದು?

*ಇಂದಿನ ಅಭ್ಯಾಸ:* ಗಾಡಿ ಇದ್ದವರು ಹಿಂದಿನ ಗಾಜು ಒರೆಸಿ, ಒಬ್ಬರನ್ನು ಹಿಂದೆ ನಿಲ್ಲಿಸಿ ಬ್ರೇಕ್ ದೀಪ ನೋಡಿಸಿ. ಗಾಡಿ ಇರಲಿ, ಇಲ್ಲದಿರಲಿ, ನಿಮ್ಮ ಹಿಂದೆ ಬರುತ್ತಿರುವ ಒಂದು ಮಗುವಿಗೆ ಇವತ್ತು ಫೋನ್ ಮಾಡಿ, "ಓದು ಹೇಗೆ ನಡೀತಿದೆ?" ಎಂದು ಕೇಳಿ.

ಎಲ್ಲರಿಗೂ ಮಂಗಳವಾಗಲಿ.
ಸಾಧು, ಸಾಧು, ಸಾಧು 🙏
ಜೈ ಭೀಮ್, ನಮೋ ಬುದ್ಧಾಯ