ಹಡೆದಾಕಿಗೆ ಯಾವ ಕಲಂ?

ಎರಡು ಬಗೆಯ ಕಾಗದಗಳಿಗೆ ನಾನು ಸಹಿ ಹಾಕಿದ್ದೇನೆ. ಒಂದು, ಬರಹದ ಹಕ್ಕನ್ನು ಪ್ರಕಾಶಕರಿಗೆ ಬಿಟ್ಟುಕೊಡುವ ಕರಾರು. ಹುನಗುಂದದಲ್ಲಿ ಕೂತು ಅಂಕಣ, ಅನುವಾದ, ಯಾರದೋ ಅಭಿನಂದನ ಗ್ರಂಥದ ಕರಡು ಎಂದು ಕೈಗೆ ಬಂದದ್ದನ್ನು ಬರೆದು ಬದುಕುವವಳಿಗೆ ಅದೇ ತಿಂಗಳ ಜೋಳದ ಹಿಟ್ಟು. ಇನ್ನೊಂದು, ನನ್ನ ಕಿರಿಯ ಮಗಳನ್ನು ಇಳಕಲ್ಲಿನ ಅಕ್ಕ-ಮಾವನ ಉಡಿಯಲ್ಲಿ ಹಾಕಿದಾಗ ಬರೆಸಿದ ದತ್ತಕಪತ್ರ.

ಈ ಎರಡು ಕಾಗದಗಳ ಹಿಂದಿರುವ ಕಾನೂನುಗಳಿಗೆ ಸುಮಾರು ಆರು ತಿಂಗಳ ಅಂತರ. ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆ 1956ರ ಡಿಸೆಂಬರಿನದು, ಕೃತಿಸ್ವಾಮ್ಯ ಕಾಯ್ದೆ 1957ರ ಜೂನಿನದು. ಕೃತಿಸ್ವಾಮ್ಯದ 57ನೇ ಕಲಂ ಉದಾರಿ. ಹಕ್ಕನ್ನೆಲ್ಲ ಮಾರಿದ ಮೇಲೂ ಇದನ್ನು ಬರೆದದ್ದು ನಾನೇ ಎಂದು ಹೇಳಿಕೊಳ್ಳುವ ಅಧಿಕಾರ ಲೇಖಕರಿಗೆ ಉಳಿಯುತ್ತದೆ. ಕೊಂಡವರು ಬರಹವನ್ನು ಮಾನ ಹೋಗುವಂತೆ ತಿರುಚಿದರೆ ತಕರಾರು ಎತ್ತಲೂಬಹುದು. ದತ್ತಕದ 12ನೇ ಕಲಮಿಗೆ ಈ ದಾಕ್ಷಿಣ್ಯವಿಲ್ಲ. ದತ್ತಕವಾದ ದಿನದಿಂದ ಹುಟ್ಟಿದ ಮನೆಯ ನಂಟೆಲ್ಲ ಕಡಿದು ಹೋಗಿ ಅದರ ಜಾಗದಲ್ಲಿ ಹೊಸ ಮನೆಯ ನಂಟು ಬರುತ್ತದೆ ಎನ್ನುತ್ತದೆ ಅದು. ಕೊಡುವ ಹೊತ್ತಿನಲ್ಲೂ ಹಡೆದವಳ ಮಾತು ಎರಡನೆಯದೇ ಆಗಿತ್ತು. 2010ರ ತಿದ್ದುಪಡಿಯ ತನಕ, ತಂದೆ ಬದುಕಿದ್ದರೆ ಸಾಮಾನ್ಯವಾಗಿ ಕೊಡುವವನು ಅವನು, ತಾಯಿಯದು ಒಪ್ಪಿಗೆ ಮಾತ್ರ.

ಲೇಖನಕ್ಕಿರುವ ಮರ್ಯಾದೆ ಹೆರಿಗೆಗಿಲ್ಲ ಎಂದು ಇಲ್ಲಿ ಹುಯಿಲೆಬ್ಬಿಸುವುದು ಸುಲಭ. ಸಭೆಯಲ್ಲಿ ಚಪ್ಪಾಳೆಯೂ ಬಿದ್ದೀತು. ಆದರೆ ಆ ವಾದ ನನಗೆ ಒಪ್ಪಿಗೆಯಾಗುವುದಿಲ್ಲ. ಬರಹಕ್ಕೆ ತನ್ನನ್ನು ಬರೆದವರು ಯಾರೆಂದು ತಿಳಿಯುವ ಹಸಿವಿಲ್ಲ. ಅಲ್ಲಿ ಹೆಸರು ಬೇಕಾದದ್ದು ಲೇಖಕರಿಗೆ. ಮಗುವಿನ ವಿಷಯದಲ್ಲಿ ಇದು ತಿರುವುಮುರುವು. ‘ಹಡೆದಾಕಿ ನಾನು’ ಎಂದು ಊರಿಗೆಲ್ಲ ಹೇಳಿಕೊಳ್ಳುವುದು ನನ್ನ ಹಕ್ಕಾಗಬೇಕಿಲ್ಲ. ತನ್ನನ್ನು ಹಡೆದವಳು ಯಾರು, ಯಾಕೆ ಕೊಟ್ಟಳು ಎಂದು ಕೇಳುವುದು ಮಾತ್ರ ಅವಳ ಹಕ್ಕು. ನನ್ನ ಪಾಲಿಗೆ ಉಳಿದದ್ದು ಒಂದು ಹೊಣೆ, ಕೇಳಿದಾಗ ಉತ್ತರ ಹೇಳುವುದು. ದತ್ತಕಪತ್ರದಲ್ಲಿ ಎಲ್ಲವನ್ನೂ ಅಕ್ಕನಿಗೆ ಬರೆದುಕೊಡಬಹುದು, ಇದೊಂದನ್ನು ಬರೆದುಕೊಡಲಾಗದು. ಜ್ವರ ಬಂದಾಗ ರಾತ್ರಿಯಿಡೀ ಕೂಡುವ ಅಕ್ಕ ಅವಳ ಸಾವಿರ ಪ್ರಶ್ನೆಗೆ ಉತ್ತರಿಸಬಲ್ಲಳು. ‘ನನ್ನನ್ಯಾಕ ಕೊಟ್ಟಿ?’ ಎಂಬುದಕ್ಕೆ ಅವಳು ಹೇಳಿದರೆ ಅದು ಕೇಳಿದ ಮಾತು, ನಾನು ಹೇಳಿದರೆ ಸಾಕ್ಷಿ.

ಕಾನೂನಿಗೂ ಇದು ಅರೆಬರೆ ಗೊತ್ತಿದೆ. ಅದೇ 12ನೇ ಕಲಮಿಗೆ ಒಂದು ಬಾಲವಿದೆ: ಹುಟ್ಟಿದ ಮನೆಯಲ್ಲೇ ಉಳಿದಿದ್ದರೆ ಯಾರನ್ನು ಮದುವೆಯಾಗಬಾರದಿತ್ತೋ, ದತ್ತಕ ಹೋದ ಮೇಲೂ ಅವರನ್ನು ಆಗುವಂತಿಲ್ಲ. ಕಡಿದೆ ಎಂದ ರಕ್ತವನ್ನು ಕಾನೂನೇ ನೆನಪಿಟ್ಟುಕೊಂಡಿದೆ! ಸೋದರಮಾವನಿಗೆ ಅಕ್ಕನ ಮಗಳನ್ನು ತರುವ ನಮ್ಮ ಸೀಮೆಯಲ್ಲಿ ಇದು ಬರೀ ಪುಸ್ತಕದ ಮಾತಲ್ಲ. ಹುಟ್ಟಿದ ಮನೆ ಯಾವುದೆಂದೇ ಗೊತ್ತಿರದ ಮಗು ಈ ಷರತ್ತನ್ನು ಪಾಲಿಸುವುದಾದರೂ ಹೇಗೆ? ಸಂಸ್ಥೆಗಳ ಮೂಲಕ ನಡೆಯುವ ದತ್ತಕದ ದಾರಿ ಬೇರೆ. 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ, ಮಗುವನ್ನು ಒಪ್ಪಿಸಿದ ಹೆತ್ತವರಿಗೆ ಮನಸ್ಸು ಬದಲಿಸಲು ಎರಡು ತಿಂಗಳು. ಆಮೇಲೆ ಕಡತ ಮುಚ್ಚುತ್ತದೆ. ಹದಿನೆಂಟು ತುಂಬಿದ ಮಗು ತನ್ನ ಬೇರು ಹುಡುಕಲು ಅರ್ಜಿ ಹಾಕಬಹುದು, ಆದರೆ ಹೆತ್ತವರ ಗೋಪ್ಯತೆ ಅಡ್ಡ ಬರಬಹುದು. ಊರ ಬಾಯಿಗೆ ಹೆದರಿ ಕೊಟ್ಟ ಹುಡುಗಿಯೊಬ್ಬಳಿಗೆ ಆ ಗೋಪ್ಯತೆಯೇ ಜೀವ ಉಳಿಸಿರಬಹುದು. ಹಾಗಾಗಿ ನನ್ನ ವಾದವನ್ನು ಅವಳ ತಲೆಗೆ ಕಟ್ಟಲಾರೆ.

ನಮ್ಮಲ್ಲಿ ಬಹುಪಾಲು ದತ್ತಕ ಬಂಧುಬಳಗದೊಳಗೇ ನಡೆಯುತ್ತಿತ್ತು. ಅಲ್ಲಿ ಗುಟ್ಟು ಎಂಬುದೇ ತಮಾಷೆ. ಓಣಿಗೆಲ್ಲ ಗೊತ್ತು, ಕೂಸಿಗೆ ಮಾತ್ರ ಗೊತ್ತಿರುವುದಿಲ್ಲ. ಒಂದು ದಿನ ಜಗಳದಲ್ಲೋ ಆಸ್ತಿಯ ವಾಟ್ನಿಯಲ್ಲೋ ಯಾರೋ ಅಂದುಬಿಡುತ್ತಾರೆ. ಧರ್ಮಶಾಸ್ತ್ರದಲ್ಲಿ ದ್ವ್ಯಾಮುಷ್ಯಾಯಣ ಎಂಬ ದತ್ತಕವೂ ಇತ್ತು, ಕರಾರಿನ ಮೇಲೆ ಎರಡೂ ಮನೆಗೆ ಮಗನಾಗಿ ಉಳಿಯುವುದು. ಕೇಳಲು ಚೆಂದ. ಆದರೆ ಅಲ್ಲಿ ಲೆಕ್ಕಕ್ಕಿದ್ದದ್ದು ಇಬ್ಬರು ಅಪ್ಪಂದಿರು, ಅವರ ಪಿಂಡ, ಅವರ ಹೊಲ. 1824ರಲ್ಲಿ ಕಿತ್ತೂರಿನ ದತ್ತಕವನ್ನು ಬ್ರಿಟಿಷರು ಒಪ್ಪದೆ ಯುದ್ಧವೇ ಆಯಿತು. ದತ್ತಕ ಬಂದ ಶಿವಲಿಂಗಪ್ಪನ ಹೆಸರು ಶಾಲೆಯಲ್ಲಿ ಕಲಿತೆ. ಅವನನ್ನು ಹಡೆದವಳ ಹೆಸರು ನಾನು ಓದಿದ ಯಾವ ಪಾಠದಲ್ಲೂ ಇರಲಿಲ್ಲ.

ಬಾದಾಮಿಯ ವಸ್ತುಸಂಗ್ರಹಾಲಯದಲ್ಲಿ ನಾಗನಾಥಕೊಳ್ಳದಿಂದ ತಂದ ಲಜ್ಜಾಗೌರಿ ಇದ್ದಾಳೆ. ಹೆರಿಗೆಯ ಭಂಗಿ, ತಲೆ ಇರಬೇಕಾದ ಕಡೆ ಕಮಲ. ಸೃಷ್ಟಿಶಕ್ತಿಗೆ ಮುಖದ ಹಂಗೇಕೆ ಎಂಬುದು ಶಿಲ್ಪಿಯ ಭಾವವಿದ್ದೀತು. ನನಗೆ ಮಾತ್ರ ಆ ಕಮಲದ ಮುಂದೆ ನಿಂತಾಗಲೆಲ್ಲ ಸಿಟ್ಟು ಬರುತ್ತದೆ. ಲೋಕಕ್ಕೆ ಒಪ್ಪಿಗೆಯಾಗುವ ಹಡೆದವಳು ಇವಳೇ ಅಲ್ಲವೆ? ಪೂಜೆಗೆ ಅಡ್ಡಿಯಿಲ್ಲ, ಮಾತಾಡುವ ಬಾಯಿ ಇರಬಾರದು.

ಬಾಯಿ ಇದ್ದರೆ ಅದನ್ನು ಮುಚ್ಚಿಕೊಳ್ಳುವುದನ್ನೂ ಕಲಿಯಬೇಕಾಗುತ್ತದೆ. ತೆರೆದ ದತ್ತಕವನ್ನು, ಅಂದರೆ ಹಡೆದವಳು ಯಾರೆಂದು ಮಗುವಿನಿಂದ ಮುಚ್ಚಿಡದ ದತ್ತಕವನ್ನು, ವಿರೋಧಿಸುವವರು ಇಬ್ಬರು ತಾಯಂದಿರಾದರೆ ಮಗುವಿಗೆ ಗೊಂದಲ ಎನ್ನುತ್ತಾರೆ. ಗೊಂದಲ ಮಗುವಿನದಲ್ಲ, ನನ್ನದು. ಮಗಳ ಜಡೆ ಸಡಿಲವಾಗಿದ್ದರೆ ಕೈ ತಾನಾಗಿ ಹೋಗುತ್ತದೆ, ಹಿಂದೆಳೆಯಬೇಕು. ಅಕ್ಕ-ಮಾವ ಅವಳನ್ನು ಇಂಗ್ಲಿಷ್ ಶಾಲೆಗೆ ಹಾಕಿದರು. ಕನ್ನಡದಲ್ಲಿ ಬರೆದು ಉಣ್ಣುವವಳು ನಾನು, ತುಟಿಪಿಟಕ್ಕೆನ್ನಲಿಲ್ಲ. ಬರಹ ತಿರುಚಿದರೆ ತಕರಾರು ಎತ್ತುವ 57ನೇ ಕಲಮಿನ ಆ ಎರಡನೇ ಅರ್ಧ ನನಗೆ ಇರಲೇಬಾರದು. ಅದನ್ನು ಒಳಗೆ ಬಿಟ್ಟರೆ ಅಕ್ಕ ದಾದಿಯಾಗುತ್ತಾಳೆ, ನಾನು ಯಜಮಾನಿಯಾಗುತ್ತೇನೆ. ತೆರೆದ ಬಾಗಿಲೆಂದರೆ ಹೇಳದೆ ಕೇಳದೆ ನುಗ್ಗುವ ಪರವಾನಗಿಯಲ್ಲ ಎಂಬುದು ಅಕ್ಕನಿಗಿಂತ ನನಗೇ ಹೆಚ್ಚು ನೆನಪಿರಬೇಕು. ಬನಶಂಕರಿ ಜಾತ್ರೆಯಲ್ಲಿ ಬಳೆಗಾರ್ತಿ ‘ಇಕಿ ಯಾರ ಮಗಳ ರೀ?’ ಎಂದು ಕೇಳಿದರೆ ಉತ್ತರಿಸುವುದು ನಾನಲ್ಲ. ‘ನಮ್ಮವ್ವ ಅಲ್ಲಿ ಮಿರ್ಚಿ ತಗೊಳಾಕತ್ತಾಳ, ಇಕಿ ಹಡೆದಾಕಿ’ ಎಂದು ಮಗಳೇ ಹೇಳುತ್ತಾಳೆ, ಆಮೇಲೆ ಹಸಿರು ಬಳೆಯ ಚೌಕಾಸಿಗಿಳಿಯುತ್ತಾಳೆ.

ಮಗಳ ಬಗ್ಗೆ ಬರೆಯಿರಿ, ಜನ ಓದುತ್ತಾರೆ ಎಂದು ಸಂಪಾದಕರು ಕೇಳುವುದುಂಟು. ಬಿಡಿ ಬರಹಗಾರ್ತಿಗೆ ಆ ಆಸೆ ಸಣ್ಣದಲ್ಲ. ಆದರೆ ಅವಳ ಬಾಳಿನ ಪ್ರಕಟಣೆಯ ಹಕ್ಕು ನನ್ನ ಬಳಿ ಯಾವತ್ತೂ ಇರಲಿಲ್ಲ, ದತ್ತಕ ಕೊಡದಿದ್ದರೂ ಇರುತ್ತಿರಲಿಲ್ಲ. ಮತ್ತೆ ಈ ಬರಹ? ನಾನು ಯಾಕೆ ಕೊಟ್ಟೆ ಎಂಬ ಪ್ಯಾರಾ ಒಂದು ಈ ಪ್ರಬಂಧದಲ್ಲಿತ್ತು. ಕರಡು ಓದಿದ ಅಕ್ಕ ಅದರ ಮೇಲೆ ಪೆನ್ಸಿಲಿನಿಂದ ಗೆರೆ ಎಳೆದು, ‘ಮೊದಲ ಆಕಿ ಕೇಳ್ಲಿ’ ಎಂದು ಬರೆದಳು. ತೆಗೆದಿದ್ದೇನೆ.